ಪೆನ್‌ಡ್ರೈವ್ ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಮೇಲೆ

ಕಳೆದ ಮಳೆಗಾಲದಲ್ಲಿ ನನ್ನ ತಂಗಿಯ ಮಗಳು ಉಡುಪಿಯ ಒಂದು ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಹಿಡಿದುಕೊಂಡು ಹೋಗಿದ್ದಳು. ಪ್ರಾಜೆಕ್ಟ್ ವರದಿಯ ನಲವತ್ತು ಪುಟ ಪ್ರಿಂಟ್ ಆಗಬೇಕಿತ್ತು. ಪ್ರಿಂಟ್ ಚೆನ್ನಾಗಿಯೇ ಬಂತು, ಜೊತೆಗೆ ಇನ್ನೊಂದೂ ಬಂತು. ಮನೆಯ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಚುಚ್ಚಿದರೆ ‘ಫೋಟೋ’, ‘ಕಾಲೇಜು’, ‘ಅಜ್ಜನ ದಾಖಲೆ’ ಎಲ್ಲ ಫೋಲ್ಡರುಗಳೂ ಇದ್ದಲ್ಲಿಯೇ ಇವೆ. ಆದರೆ ಒಂದೊಂದರ ಮೂಲೆಯಲ್ಲೂ ಪುಟ್ಟ ಬಾಣದ ಗುರುತು. ಫೋಲ್ಡರಿನ ಎದುರು ಸಾಮಾನ್ಯವಾಗಿ ಅಳತೆ ಕಾಣಿಸುವುದೇ ಇಲ್ಲ. ಇಲ್ಲಿ ಪ್ರತಿಯೊಂದರ ಎದುರೂ 2 ಕೆಬಿ ಎಂದು ಬರೆದಿತ್ತು.

ಪುಣ್ಯಕ್ಕೆ ಅವಳು ಕ್ಲಿಕ್ ಮಾಡದೆ ನನಗೆ ಫೋನ್ ಮಾಡಿದಳು. ಇದು ಡಿಟಿಪಿಯವರ ಬಾಯಲ್ಲಿ ‘ಶಾರ್ಟ್‌ಕಟ್ ವೈರಸ್’ ಎಂದೇ ಪ್ರಸಿದ್ಧ. ನಿಜವಾದ ಫೋಲ್ಡರುಗಳನ್ನು ಅದು ಅಡಗಿಸಿಟ್ಟು, ಅದೇ ಹೆಸರಿನ ನಕಲಿ ಶಾರ್ಟ್‌ಕಟ್‌ಗಳನ್ನು ಮುಂದೆ ಕೂರಿಸುತ್ತದೆ. ನಾವು ಕ್ಲಿಕ್ ಮಾಡಿದ ಕೂಡಲೇ ಮೊದಲು ವೈರಸ್ ಓಡುತ್ತದೆ, ಅದರ ಬೆನ್ನಿಗೇ ಅಸಲಿ ಫೋಲ್ಡರ್ ಕೂಡ ತೆರೆದುಕೊಳ್ಳುತ್ತದೆ. ಫೋಟೋಗಳು ಕಾಣಿಸಿದವಲ್ಲ, ಇನ್ನು ಸಂಶಯ ಯಾರಿಗೆ ಬರುತ್ತದೆ? ಹಿಂದೆಲ್ಲ ಪೆನ್‌ಡ್ರೈವ್ ಚುಚ್ಚಿದರೆ ಸಾಕಿತ್ತು, ಆಟೋರನ್ ಎಂಬ ಸೌಲಭ್ಯವೇ ವೈರಸ್ಸಿಗೆ ಬಾಗಿಲು ತೆರೆದುಕೊಡುತ್ತಿತ್ತು. 2008ರಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಎಂಬ ವೈರಸ್ ಹರಡಿದ ದಾರಿಗಳಲ್ಲಿ ಇದೂ ಒಂದು. 2011ರಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ಗಳಲ್ಲೂ ಆ ಬಾಗಿಲನ್ನು ಮುಚ್ಚಿತು. ಅಲ್ಲಿಂದೀಚೆಗೆ ಮನೆಯ ಕಂಪ್ಯೂಟರಿಗೆ ಬರುವ ಬಹುಪಾಲು ವೈರಸ್‌ಗಳು ನಮ್ಮದೇ ಬೆರಳಿಗಾಗಿ ಕಾಯುತ್ತವೆ. ಈ ಲೇಖನದಲ್ಲಿ ಮುಂದೆ ಬರುವುದೆಲ್ಲ ಆ ಬೆರಳನ್ನು ಎಲ್ಲಿ ತಡೆಯಬೇಕು ಎಂಬುದರ ಬಗ್ಗೆಯೇ.

ಬಾಣದ ಗುರುತು ಕಂಡರೆ

ಮೊದಲನೆಯದಾಗಿ, ಗಾಬರಿಯಾಗಬೇಡಿ. ಫೋಟೋಗಳು ಎಲ್ಲಿಗೂ ಹೋಗಿರುವುದಿಲ್ಲ. ಯಾವ ಶಾರ್ಟ್‌ಕಟ್ಟನ್ನೂ ಮುಟ್ಟದೆ, ‘ದಿಸ್ ಪಿಸಿ’ಯಲ್ಲಿ ಪೆನ್‌ಡ್ರೈವ್‌ನ ಚಿಹ್ನೆಯ ಮೇಲೆ ಬಲ ಕ್ಲಿಕ್ ಮಾಡಿ ‘ಸ್ಕ್ಯಾನ್ ವಿತ್ ಮೈಕ್ರೋಸಾಫ್ಟ್ ಡಿಫೆಂಡರ್’ ಆಯ್ಕೆ ಮಾಡಿ. ವಿಂಡೋಸ್ 11ರಲ್ಲಿ ಅದು ನೇರವಾಗಿ ಕಾಣಿಸದಿದ್ದರೆ ‘ಶೋ ಮೋರ್ ಆಪ್ಷನ್ಸ್’ ಒತ್ತಿದಾಗ ಸಿಗುತ್ತದೆ. ಸಿಕ್ಕಿದ್ದನ್ನೆಲ್ಲ ತೆಗೆದುಹಾಕಲು ಒಪ್ಪಿಗೆ ಕೊಡಿ.

ಇಷ್ಟಾದ ಮೇಲೆ ಪೆನ್‌ಡ್ರೈವ್ ಖಾಲಿ ಖಾಲಿ ಕಾಣಿಸಬಹುದು. ನಕಲಿಗಳು ಹೋದವು, ಅಸಲಿಗಳು ಇನ್ನೂ ಅಡಗಿಕೊಂಡಿವೆ ಎಂದು ಇದರ ಅರ್ಥ. ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’, ಅದರೊಳಗಿನ ‘ಶೋ’, ಅಲ್ಲಿ ‘ಹಿಡನ್ ಐಟಮ್ಸ್’ ಮೇಲೆ ಟಿಕ್ ಮಾಡಿ. ಆಗಲೂ ಕಾಣಿಸದಿದ್ದರೆ ಮೂರು ಚುಕ್ಕಿಗಳ ಮೆನುವಿನಲ್ಲಿ ‘ಆಪ್ಷನ್ಸ್’ ತೆರೆದು, ‘ವ್ಯೂ’ ಪುಟದಲ್ಲಿ ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಂ ಫೈಲ್ಸ್’ ಎಂಬುದರ ಟಿಕ್ ತೆಗೆಯಿರಿ. ಕಂಪ್ಯೂಟರ್ ಎಚ್ಚರಿಕೆ ಕೊಡುತ್ತದೆ, ಈ ಒಂದು ಸಲ ಹೌದು ಎನ್ನಿ. ನಮ್ಮ ಹುಡುಗಿಯ ಪೆನ್‌ಡ್ರೈವ್‌ನಲ್ಲಿ ಹೆಸರೇ ಇಲ್ಲದ ಒಂದು ಫೋಲ್ಡರ್ ಹೊರಬಂತು, ಚಿಹ್ನೆ ಮಾತ್ರ ಇದೆ, ಕೆಳಗೆ ಏನೂ ಬರೆದಿಲ್ಲ. ವೈರಸ್ ಎಲ್ಲವನ್ನೂ ಅದರೊಳಗೆ ತುಂಬಿಸಿಟ್ಟಿತ್ತು. ಅಜ್ಜನ ದಾಖಲೆಯೂ ಅಲ್ಲಿಯೇ ಇತ್ತು.

ಫೋಟೋ, ಪಿಡಿಎಫ್, ವರ್ಡ್ ಕಡತಗಳನ್ನು ಮಾತ್ರ ಆಯ್ದು ಕಂಪ್ಯೂಟರಿಗೆ ನಕಲು ಮಾಡಿಕೊಂಡು, ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ, ಅಂದರೆ ಪೂರ್ತಿ ಅಳಿಸಿ ಖಾಲಿ ಮಾಡಿ. ತೆಗೆದ ಟಿಕ್ಕನ್ನು ಮರೆಯದೆ ಮತ್ತೆ ಹಾಕಿ. ಅದೇ ಜಾಗದಲ್ಲಿ ಇನ್ನೊಂದು ಕೆಲಸ ಮಾಡಿಬಿಡಿ: ‘ಶೋ’ ಪಟ್ಟಿಯ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಎಂಬುದಕ್ಕೆ ಶಾಶ್ವತವಾಗಿ ಟಿಕ್ ಇರಲಿ. ವಿಂಡೋಸ್ ಕಡತದ ಬಾಲವನ್ನು, ಅಂದರೆ ಹೆಸರಿನ ಕೊನೆಯ ಚುಕ್ಕಿಯ ನಂತರದ ಅಕ್ಷರಗಳನ್ನು, ಮುಚ್ಚಿಟ್ಟು ತೋರಿಸುತ್ತದೆ. ಅದು ಯಾವ ಜಾಣತನವೋ ನನಗೆ ಇಂದಿಗೂ ಅರ್ಥವಾಗಿಲ್ಲ. ಬಾಲ ಕಾಣಿಸಿದರೆ ‘ಬಿಲ್ ಡಾಟ್ ಪಿಡಿಎಫ್’ ಎಂದುಕೊಂಡದ್ದು ‘ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್ಇ’ ಎಂದು ಬಯಲಾಗುತ್ತದೆ. ಕೊನೆಯಲ್ಲಿ ಇಎಕ್ಸ್ಇ ಇದ್ದರೆ ಅದು ಬಿಲ್ ಅಲ್ಲ, ಪ್ರೋಗ್ರಾಂ.

ಜೆರಾಕ್ಸ್ ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ. ಮಣಿಪಾಲದಲ್ಲಾಗಲಿ ಹಂಪನಕಟ್ಟೆಯಲ್ಲಾಗಲಿ, ದಿನಕ್ಕೆ ಎಷ್ಟೋ ಜನರ ಪೆನ್‌ಡ್ರೈವ್ ಚುಚ್ಚಿಸಿಕೊಳ್ಳುವ ಕಂಪ್ಯೂಟರ್ ಎಷ್ಟೆಂದು ಮಡಿ ಕಾಪಾಡಿಕೊಂಡೀತು? ಹೊರಗೆ ಒಯ್ಯಲೆಂದೇ ಒಂದು ಸಣ್ಣ ಪೆನ್‌ಡ್ರೈವ್ ಬೇರೆ ಇಟ್ಟುಕೊಳ್ಳಿ. ಪ್ರಿಂಟ್ ಆಗಬೇಕಾದ ಪಿಡಿಎಫ್ ಮಾತ್ರ ಅದರಲ್ಲಿರಲಿ. ಮನೆಗೆ ಬಂದ ಕೂಡಲೇ ತೆರೆದು ನೋಡುವ ಗೋಜಿಗೆ ಹೋಗದೆ ಫಾರ್ಮ್ಯಾಟ್ ಮಾಡಿ. ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ವಾಟ್ಸ್‌ಆ್ಯಪ್ ತೆರೆದಿದ್ದರೆ, ಅಲ್ಲಿಂದ ಹೊರಡುವ ಮೊದಲೇ ಮೊಬೈಲಿನ ‘ಲಿಂಕ್ಡ್ ಡಿವೈಸಸ್’ಗೆ ಹೋಗಿ ಅದನ್ನು ಕಡಿದುಹಾಕಿ.

ಕಾವಲುಗಾರ ಎಚ್ಚರವಿದ್ದಾನೆಯೇ?

ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಎಂಬ ಆ್ಯಂಟಿವೈರಸ್ ಉಚಿತವಾಗಿಯೇ ಇರುತ್ತದೆ. ಸಾಮಾನ್ಯ ಮನೆಗೆ ಅದು ಸಾಕು ಎಂಬುದು ನನ್ನ ಅಭಿಪ್ರಾಯ. ಕಂಪ್ಯೂಟರ್ ಮಾರುವವರ ಅಭಿಪ್ರಾಯ ಬೇರೆ ಇರಬಹುದು. ಸ್ಟಾರ್ಟ್ ಮೆನುವಿನಲ್ಲಿ ‘ವಿಂಡೋಸ್ ಸೆಕ್ಯುರಿಟಿ’ ಹುಡುಕಿ ತೆರೆದು, ‘ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್’ ಒಳಗೆ ‘ರಿಯಲ್ ಟೈಮ್ ಪ್ರೊಟೆಕ್ಷನ್’ ಮತ್ತು ‘ಟ್ಯಾಂಪರ್ ಪ್ರೊಟೆಕ್ಷನ್’ ಎರಡೂ ಆನ್ ಇವೆಯೇ ನೋಡಿ. ಎರಡನೆಯದು ಇದ್ದರೆ ವೈರಸ್ ಬಂದು ಕಾವಲುಗಾರನನ್ನೇ ಮಲಗಿಸುವುದು ಕಷ್ಟ.

ಅಲ್ಲಿ ಬೇರೆ ಕಂಪನಿಯ ಹೆಸರು ಕಾಣಿಸಿತೇ? ಹೊಸ ಲ್ಯಾಪ್‌ಟಾಪ್ ಜೊತೆ ಕೆಲವು ತಿಂಗಳ ಆ್ಯಂಟಿವೈರಸ್ ಬಂದಿರುತ್ತದೆ. ಅವಧಿ ಮುಗಿದರೂ ಅದರ ಚಿಹ್ನೆ ಮೂಲೆಯಲ್ಲಿ ಕುಳಿತೇ ಇರುತ್ತದೆ, ರಕ್ಷಣೆ ಇದೆ ಎಂದು ಮನೆಯವರು ನಂಬಿಕೊಂಡಿರುತ್ತಾರೆ. ಒಂದೋ ದುಡ್ಡು ಕೊಟ್ಟು ನವೀಕರಿಸಿ, ಇಲ್ಲವೇ ಅನ್‌ಇನ್‌ಸ್ಟಾಲ್ ಮಾಡಿ ಡಿಫೆಂಡರ್‌ಗೆ ಜಾಗ ಬಿಡಿ. ಎರಡೆರಡು ಆ್ಯಂಟಿವೈರಸ್ ಹಾಕಿಕೊಂಡರೆ ರಕ್ಷಣೆ ಇಮ್ಮಡಿಯಾಗುವುದಿಲ್ಲ. ಅವು ಒಂದರ ಕಾಲನ್ನು ಇನ್ನೊಂದು ಎಳೆಯುತ್ತವೆ, ಕಂಪ್ಯೂಟರ್ ತೆವಳುತ್ತದೆ.

ಏನೋ ಸರಿಯಿಲ್ಲ ಎಂಬ ಅನುಮಾನವಿದ್ದರೆ ಅದೇ ಪುಟದ ‘ಸ್ಕ್ಯಾನ್ ಆಪ್ಷನ್ಸ್’ನಲ್ಲಿ ಆಫ್‌ಲೈನ್ ಸ್ಕ್ಯಾನ್ ಇದೆ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಸುಮಾರು ಕಾಲು ಗಂಟೆ ಹುಡುಕುತ್ತದೆ. ವಿಂಡೋಸ್ ಓಡುತ್ತಿರುವಾಗ ಮರೆಯಲ್ಲಿ ನಿಲ್ಲುವ ವೈರಸ್‌ಗಳು ಇದರಲ್ಲಿ ಸಿಕ್ಕಿಬೀಳುತ್ತವೆ. ಸಿಡಿಲು ಗುಡುಗಿನ ಸಂಜೆ ಮಾತ್ರ ಈ ಕೆಲಸಕ್ಕೆ ಕೈಹಾಕಬೇಡಿ. ನಮ್ಮ ಕರಾವಳಿಯಲ್ಲಿ ಕರೆಂಟು ಹೋಗುವ ಹೊತ್ತು ಅದೇ.

ಅಪ್‌ಡೇಟ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಬಂದಾಗ ಹಾಕಿಕೊಳ್ಳಿ, ಅಷ್ಟೆ. 2017ರ ಮೇ 12ರಂದು ಜಗತ್ತಿನ ಸುಮಾರು 150 ದೇಶಗಳಲ್ಲಿ ಕಡತಗಳಿಗೆ ಬೀಗ ಜಡಿದು 300 ಡಾಲರ್ ಕೇಳಿದ ವಾನಾಕ್ರೈ ದಾಳಿಗೆ ಬೇಕಾದ ಮದ್ದನ್ನು ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲೇ ಕೊಟ್ಟಿತ್ತು. ‘ರಿಮೈಂಡ್ ಮಿ ಲೇಟರ್’ ಎಂದು ಮುಂದೂಡಿದವರು ಸಿಕ್ಕಿಬಿದ್ದರು. ವಿಂಡೋಸ್ 10ಕ್ಕೆ ಸಾಮಾನ್ಯ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ‘ಸೆಟ್ಟಿಂಗ್ಸ್’, ‘ಸಿಸ್ಟಂ’, ‘ಅಬೌಟ್’ನಲ್ಲಿ ನಿಮ್ಮದು ಯಾವುದೆಂದು ನೋಡಿ. ಹಳೆಯ ಯಂತ್ರ ವಿಂಡೋಸ್ 11ನ್ನು ಒಪ್ಪದಿದ್ದರೆ ಅದರಲ್ಲಿ ವಿಂಡೋಸ್ ಬದಲಿಗೆ ಉಚಿತ ಲಿನಕ್ಸ್ ಹಾಕಿಸಿ ಯಕ್ಷಗಾನದ ವಿಡಿಯೊ ನೋಡಲು ಇಟ್ಟುಕೊಳ್ಳಬಹುದು. ಬ್ಯಾಂಕಿನ ಕೆಲಸವನ್ನು ಹಳೆಯ ವಿಂಡೋಸ್‌ನಲ್ಲಿ ಮಾಡಬೇಡಿ.

ಪುಕ್ಕಟೆ ಸಾಫ್ಟ್‌ವೇರಿನ ಬೆಲೆ

ನನ್ನ ಹಳೆಯ ಕಂಪ್ಯೂಟರ್ ಒಮ್ಮೆ ಕೆಟ್ಟಾಗ ರಿಪೇರಿಗೆ ಕೊಟ್ಟಿದ್ದೆ. ಹುಡುಗ ಒಂದೇ ದಿನದಲ್ಲಿ ಸರಿಮಾಡಿ ತಂದ. ಆಫೀಸ್, ಫೋಟೋಶಾಪ್ ಎಲ್ಲ ಹಾಕಿಕೊಟ್ಟಿದ್ದ, ನಾನು ಕೇಳಿರಲೇ ಇಲ್ಲ. “ಆ್ಯಂಟಿವೈರಸ್ ಆಫ್ ಮಾಡಿದ್ದೇನೆ ಸರ್, ಆನ್ ಮಾಡಿದರೆ ಆ್ಯಕ್ಟಿವೇಶನ್ ಹೋಗುತ್ತದೆ” ಎಂದ. ಉಪಕಾರ ಮಾಡಿದ ಧಾಟಿಯಲ್ಲಿಯೇ ಹೇಳಿದ. ಬೀಗದ ಕೈ ನಕಲಿ ಮಾಡಿಸಿಕೊಂಡು, ನಾಯಿ ಬೊಗಳುತ್ತದೆ ಎಂದು ನಾಯಿಯನ್ನೇ ಹೊರಗೆ ಕಟ್ಟಿದ ಹಾಗಾಯಿತು.

ಕ್ರ್ಯಾಕ್ ಎಂದು ಕರೆಯುವ ಈ ಕಳ್ಳ ಆ್ಯಕ್ಟಿವೇಶನ್ ಪ್ರೋಗ್ರಾಂಗಳು ಇಂದು ಮನೆಯ ಕಂಪ್ಯೂಟರಿಗೆ ಕೇಡು ಬರುವ ದೊಡ್ಡ ಹೆದ್ದಾರಿ. ಹಳೆಯ ಕಾಲದ ವೈರಸ್ ಬಂದರೆ ಗೊತ್ತಾಗುತ್ತಿತ್ತು. 1986ರಲ್ಲಿ ಫ್ಲಾಪಿಗಳಲ್ಲಿ ಹರಡಿದ ಬ್ರೈನ್ ಎಂಬುದರೊಳಗೆ ಅದನ್ನು ಬರೆದ ಲಾಹೋರಿನ ಅಣ್ಣತಮ್ಮಂದಿರು ತಮ್ಮ ವಿಳಾಸ, ಫೋನ್ ನಂಬರನ್ನೂ ಬರೆದಿಟ್ಟಿದ್ದರು! ಈಗಿನದ್ದು ಒರಲೆಯ ಹಾಗೆ. ಬಾಗಿಲಿನ ದಾರಂದಕ್ಕೆ ಹೊಡೆದ ಬಣ್ಣ ಹೊರಗೆ ಹಾಗೆಯೇ ಇರುತ್ತದೆ, ಬೆರಳಿಂದ ಒತ್ತಿದಾಗಲೇ ಒಳಗೆಲ್ಲ ಟೊಳ್ಳು ಎಂದು ತಿಳಿಯುವುದು. ಬ್ರೌಸರಿನಲ್ಲಿ ನೀವು ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೂ, ಲಾಗಿನ್ ಆಗಿಯೇ ಇರುವ ಖಾತೆಗಳ ಕುಕಿಗಳನ್ನೂ (ನೀವು ಆಗಲೇ ಒಳಗೆ ಬಂದಿದ್ದೀರಿ ಎಂದು ತಾಣಕ್ಕೆ ತಿಳಿಸುವ ಗುರುತುಚೀಟಿಗಳು) ಅದು ನಿಮಿಷಗಳಲ್ಲಿ ಹೊರಗೆ ಕಳುಹಿಸಿಬಿಡುತ್ತದೆ. ಕುಕಿ ಕದ್ದವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ, ನೀವೇ ತೆರೆದಿಟ್ಟ ಮೇಲ್ ಖಾತೆಯೊಳಕ್ಕೆ ನಡೆದುಬರುತ್ತಾನೆ.

ಹಾಗಾಗಿ ‘ಸೆಟ್ಟಿಂಗ್ಸ್’, ‘ಆ್ಯಪ್ಸ್’ನಲ್ಲಿರುವ ಪಟ್ಟಿಯನ್ನು ಒಮ್ಮೆ ಮೇಲಿಂದ ಕೆಳಗೆ ಓದಿ. ಗುರುತಿಲ್ಲದ್ದನ್ನು, ಕ್ರ್ಯಾಕ್ ಮಾಡಿದ್ದನ್ನು ತೆಗೆಯಿರಿ. ಪತ್ರ, ಲೆಕ್ಕ ಬರೆಯಲು ಲಿಬ್ರೆ ಆಫೀಸ್ ಉಚಿತ. ಕನ್ನಡ ಟೈಪ್ ಮಾಡಲು ‘ನುಡಿ’ ಉಚಿತ. ಇವನ್ನೂ ಆಯಾ ಸಂಸ್ಥೆಯ ತಾಣದಿಂದಲೇ ಇಳಿಸಿಕೊಳ್ಳಿ. ಯಾರೋ ಪೆನ್‌ಡ್ರೈವ್‌ನಲ್ಲಿ ಕೊಟ್ಟ ಫಾಂಟಿನ ಕಟ್ಟು ಬೇಡ. ಮಕ್ಕಳಿಗೆ ಬೇರೆ ಖಾತೆ ಮಾಡಿಕೊಟ್ಟು ಅದನ್ನು ‘ಸ್ಟ್ಯಾಂಡರ್ಡ್ ಯೂಸರ್’ ಎಂದೇ ಇಡಿ. ಆಗ ಕಂಪ್ಯೂಟರಿಗೆಲ್ಲ ಕೈಹಾಕುವ ಆಟದ ಕ್ರ್ಯಾಕ್ ನಿಮ್ಮ ಪಾಸ್‌ವರ್ಡ್ ಕೇಳದೆ ಒಳಗೆ ಬರಲಾರದು.

ಇತ್ತೀಚಿನ ಇನ್ನೊಂದು ಉಪಾಯವನ್ನು ಗಮನಿಸಿ. ಕಬಡ್ಡಿಯೋ ಕ್ರಿಕೆಟ್ಟೋ ಪುಕ್ಕಟೆ ನೋಡಲು ಹೋದಾಗ ‘ನಾನು ರೋಬೊಟ್ ಅಲ್ಲ’ ಎಂಬ ಪೆಟ್ಟಿಗೆ ಬರುತ್ತದೆ. ಒತ್ತಿದರೆ ಮೂರು ಹೆಜ್ಜೆ ಹೇಳುತ್ತದೆ: ವಿಂಡೋಸ್ ಕೀ ಜೊತೆ ಆರ್, ಕಂಟ್ರೋಲ್ ಜೊತೆ ವಿ, ಆಮೇಲೆ ಎಂಟರ್. ಅಷ್ಟು ಹೊತ್ತಿಗೆ ಪುಟವು ಒಂದು ಆಜ್ಞೆಯನ್ನು ಗುಟ್ಟಾಗಿ ನಿಮ್ಮ ಕ್ಲಿಪ್‌ಬೋರ್ಡಿಗೆ ನಕಲು ಮಾಡಿರುತ್ತದೆ. ಅಂಟಿಸಿ ಎಂಟರ್ ಒತ್ತಿದವರು ನೀವೇ, ವೈರಸ್ಸನ್ನು ಕೈಹಿಡಿದು ಒಳಗೆ ಕರೆದುಕೊಂಡವರೂ ನೀವೇ. ನಿಜವಾದ ಯಾವ ಪರೀಕ್ಷೆಯೂ ಬ್ರೌಸರಿನಿಂದಾಚೆ ಕೀಲಿ ಒತ್ತಲು ಹೇಳುವುದಿಲ್ಲ.

ಕಂಪ್ಯೂಟರ್ ಕೂಗಿಕೊಂಡಾಗ

ಮಕ್ಕಳು ದುಬೈಯಲ್ಲೋ ಬೆಂಗಳೂರಿನಲ್ಲೋ ಇದ್ದು, ಮನೆಯಲ್ಲಿ ಹಿರಿಯರಿಬ್ಬರೇ ಇರುವ ಮನೆಗಳು ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಬೇಕಾದಷ್ಟಿವೆ. ಕಂಪ್ಯೂಟರ್ ಕೆಟ್ಟರೆ ಮಗ ಅಲ್ಲಿಂದಲೇ ಎನಿಡೆಸ್ಕ್ (ದೂರದಲ್ಲಿ ಕುಳಿತೇ ಇನ್ನೊಬ್ಬರ ಕಂಪ್ಯೂಟರ್ ನಡೆಸಲು ಬಿಡುವ ಪ್ರೋಗ್ರಾಂ) ಹಾಕಿಸಿ, ಪರದೆಯ ಮೇಲಿನ ನಂಬರ್ ಕೇಳಿ ಸರಿಮಾಡಿ ಕೊಡುತ್ತಾನೆ. ಒಳ್ಳೆಯದೇ. ಆದರೆ ನಂಬರ್ ಓದಿ ಹೇಳುವುದು ಅಮ್ಮನಿಗೆ ರೂಢಿಯಾಗಿಬಿಟ್ಟಿರುತ್ತದೆ. ಒಂದು ಮಧ್ಯಾಹ್ನ ಪರದೆ ತುಂಬ ಕೆಂಪು ಬಣ್ಣ, ಸೈರನ್, ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಈ ನಂಬರಿಗೆ ಕರೆ ಮಾಡಿ’ ಎಂದು ಬಂದರೆ ಅವರು ಕರೆ ಮಾಡುತ್ತಾರೆ, ಕೇಳಿದ ನಂಬರನ್ನೂ ಓದಿ ಹೇಳುತ್ತಾರೆ.

ಅದು ವೈರಸ್ ಅಲ್ಲ, ಕೇವಲ ಒಂದು ಜಾಲಪುಟ. ಮೈಕ್ರೋಸಾಫ್ಟ್‌ನ ಅಸಲಿ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದಿಲ್ಲ. ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿದುಕೊಂಡರೆ ಪರದೆ ಚಿಕ್ಕದಾಗುತ್ತದೆ, ಆಮೇಲೆ ಆಲ್ಟ್ ಜೊತೆ ಎಫ್4 ಒತ್ತಿ ಬ್ರೌಸರನ್ನೇ ಮುಚ್ಚಿ. ಅದೂ ಆಗದಿದ್ದರೆ ಪವರ್ ಬಟನ್ ಒತ್ತಿ ಆಫ್ ಮಾಡಿದರೂ ಆಕಾಶ ಕಳಚಿ ಬೀಳುವುದಿಲ್ಲ. ಮೂಲೆಯಲ್ಲಿ ದಿನವೂ ಇಂಥ ಎಚ್ಚರಿಕೆ ಇಣುಕುತ್ತಿದ್ದರೆ ಬ್ರೌಸರ್ ಸೆಟ್ಟಿಂಗ್ಸ್‌ನ ‘ಸೈಟ್ ಸೆಟ್ಟಿಂಗ್ಸ್’, ‘ನೋಟಿಫಿಕೇಶನ್ಸ್’ನಲ್ಲಿ ‘ಅಲೋ’ ಕೊಟ್ಟ ತಾಣಗಳನ್ನೆಲ್ಲ ತೆಗೆದುಹಾಕಿ. ಮಗ ಊರಿಗೆ ಬಂದಾಗ ಒಂದು ಮಾತು ಒಪ್ಪಂದವಾಗಲಿ: ಎನಿಡೆಸ್ಕ್ ನಂಬರನ್ನು ಮಗನಿಗೆ ನಾವೇ ಫೋನ್ ಮಾಡಿದಾಗ ಮಾತ್ರ ಹೇಳುವುದು.

ಸಂಕ್ರಮಣಕ್ಕೊಂದು ಬ್ಯಾಕಪ್

ಎಷ್ಟೇ ಜಾಗ್ರತೆ ಮಾಡಿದರೂ ಒಂದು ದಿನ ಕೈತಪ್ಪಬಹುದು. ಅದಕ್ಕೆ ಎರಡನೇ ಪ್ರತಿ ಬೇಕು. ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಕೊಂಡು, ಫೋಟೋ ಮತ್ತು ದಾಖಲೆಗಳನ್ನು ತಿಂಗಳಿಗೊಮ್ಮೆ ನಕಲು ಮಾಡಿ. ನಮ್ಮ ಮನೆಯಲ್ಲಿ ಸಂಕ್ರಮಣದ ದಿನ ಮಾಡುತ್ತೇವೆ, ತಾರೀಕು ನೆನಪಿಡುವ ಕಷ್ಟವಿಲ್ಲ. ನಕಲು ಮುಗಿದ ಕೂಡಲೇ ಕೇಬಲ್ ಕಳಚಿ. ಇದೇ ಮುಖ್ಯ. ಕಡತಗಳಿಗೆ ಬೀಗ ಹಾಕುವ ರ‍್ಯಾನ್ಸಮ್‌ವೇರ್ ಚುಚ್ಚಿಕೊಂಡಿರುವ ಹಾರ್ಡ್‌ಡಿಸ್ಕಿಗೂ ಬೀಗ ಹಾಕುತ್ತದೆ. ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಆಟಿಯ ಮಳೆಯಲ್ಲಿ ಚಪ್ಪಲಿಗೆ ಬೂಸ್ಟು ಹಿಡಿಯುವ ಊರು ನಮ್ಮದು. ತೀರಾ ಬೇಕಾದ ದಾಖಲೆಗಳ ಇನ್ನೊಂದು ಪ್ರತಿ ಕ್ಲೌಡ್‌ನಲ್ಲೋ, ತಂಗಿಯ ಮನೆಯಲ್ಲೋ ಇರಲಿ.

ಆದದ್ದು ಆಗಿಹೋದರೆ

ಮೊದಲು ವೈಫೈ ಆಫ್ ಮಾಡಿ, ಕೇಬಲ್ ಇದ್ದರೆ ಕಿತ್ತುಹಾಕಿ. ಮೊಬೈಲಿನಿಂದ, ಅಂದರೆ ಸೋಂಕಿಲ್ಲದ ಸಾಧನದಿಂದ, ಇಮೇಲ್ ಪಾಸ್‌ವರ್ಡ್ ಬದಲಿಸಿ ಎಲ್ಲ ಸಾಧನಗಳಿಂದಲೂ ಲಾಗ್‌ಔಟ್ ಆಗಿ, ಬ್ಯಾಂಕಿನದ್ದು ಆಮೇಲೆ. ಹಣ ಹೋಗಿದ್ದರೆ ಒಂದು ಗಳಿಗೆಯೂ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಸೈಬರ್ ಅಪರಾಧಕ್ಕೆ ಮಂಗಳೂರಿನಲ್ಲೂ ಉಡುಪಿಯಲ್ಲೂ ಪ್ರತ್ಯೇಕ ಪೊಲೀಸ್ ಠಾಣೆಗಳಿವೆ. ಕಡತಗಳಿಗೆ ಬೀಗ ಬಿದ್ದಿದ್ದರೆ ಹಣ ಕಟ್ಟಬೇಡಿ, ಆ ಕಡತಗಳನ್ನು ಅಳಿಸಲೂ ಬೇಡಿ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಮತ್ತಿತರರು 2016ರಲ್ಲಿ ಶುರುಮಾಡಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಕೆಲವು ಬಗೆಯ ಬೀಗಗಳಿಗೆ ಉಚಿತ ಕೀಲಿ ಸಿಗುತ್ತದೆ. ಇಂದು ಸಿಗದ ಕೀಲಿ ಮುಂದೆ ಸಿಗಲೂಬಹುದು.

ಬೀಗ ಬಿದ್ದ ಕಡತಗಳನ್ನು ಬೇರೊಂದು ಡಿಸ್ಕಿಗೆ ಎತ್ತಿಟ್ಟು, ಆಫ್‌ಲೈನ್ ಸ್ಕ್ಯಾನ್ ಮಾಡಿ. ಅಷ್ಟಕ್ಕೂ ಮನಸ್ಸಿಗೆ ಸಮಾಧಾನವಾಗದಿದ್ದರೆ ‘ಸಿಸ್ಟಂ’, ‘ರಿಕವರಿ’, ‘ರೀಸೆಟ್ ದಿಸ್ ಪಿಸಿ’ಯಲ್ಲಿ ‘ರಿಮೂವ್ ಎವೆರಿಥಿಂಗ್’ ಒತ್ತಿ ಹೊಸದಾಗಿ ಶುರುಮಾಡಿ. ಅಪ್‌ಡೇಟ್‌ಗಳೆಲ್ಲ ಮುಗಿದ ಮೇಲೆಯೇ ಡಬ್ಬಿಯಲ್ಲಿರುವ ಹಾರ್ಡ್‌ಡಿಸ್ಕನ್ನು ಹೊರಗೆ ತೆಗೆಯಿರಿ.