ಕಾರಿನ ಆಂಪ್ಲಿಫೈಯರ್‌ಗೆ ಎಷ್ಟು ದಪ್ಪದ ವೈರ್ ಬೇಕು?

ವಿಜಯಪುರದ ಗೆಳೆಯರೇ, ಡಿಕ್ಕಿಯಲ್ಲಿ ಆಂಪ್ಲಿಫೈಯರ್ ಕೂರಿಸುವ ಮುಂಚೆ ವೈರ್ ಕಡೆ ಸ್ವಲ್ಪ ಗಮನ ಕೊಡಿ. ಡಬ್ಬದ ಮೇಲೆ ದೊಡ್ಡದಾಗಿ ಬರೆದ ವ್ಯಾಟ್ ನಂಬಬೇಡಿ, ಆರ್‌ಎಂಎಸ್ ವ್ಯಾಟ್ (ಆಂಪ್ ಸತತವಾಗಿ ಕೊಡಬಲ್ಲ ನಿಜವಾದ ಪವರ್) ನೋಡಿ. 500 ವ್ಯಾಟಿನ ಕ್ಲಾಸ್ ಡಿ (ಕರೆಂಟ್ ಕಡಿಮೆ ಪೋಲು ಮಾಡುವ ಬಗೆಯ) ಆಂಪ್ ಫುಲ್ ಸೌಂಡಿನಲ್ಲಿ ಸುಮಾರು 45 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಿಂದ ಡಿಕ್ಕಿಗೆ 5 ಮೀಟರ್ ವೈರ್ ಬೇಕಾಗುತ್ತದೆ ಅಲ್ವಾ? ಅಷ್ಟು ಉದ್ದಕ್ಕೆ 8 ಗೇಜ್ ಹಾಕಿದರೆ ಅದೊಂದರಲ್ಲೇ ಅರ್ಧ ವೋಲ್ಟ್ ಹತ್ತಿರ ಸುಮ್ನೆ ಹೋಗುತ್ತದೆ. 4 ಗೇಜ್ ಹಾಕಿದರೆ 0.2 ವೋಲ್ಟಿಗಿಂತ ಕಡಿಮೆ. ನೆನಪಿರಲಿ, ಗೇಜ್ ನಂಬರ್ ಕಡಿಮೆ ಆದಷ್ಟೂ ವೈರ್ ದಪ್ಪ. 4 ಗೇಜ್ ಅಂದ್ರೆ ಸುಮಾರು 21 ಚದರ ಮಿಲಿಮೀಟರ್.

ಅಂಗಡಿಯವರು ಅಗ್ಗದ ವೈರ್ ಕಿಟ್ ಕೊಟ್ಟರೆ ವೈರಿನ ಎಳೆಯ ತುದಿ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅದನ್ನೇ ಹಾಕುವುದಾದರೆ ಇನ್ನೊಂದು ಸೈಜ್ ಜಾಸ್ತಿ ದಪ್ಪ ತಗೊಳ್ಳಿ. ನನ್ನ ಕೇಳಿದರೆ ಶುದ್ಧ ತಾಮ್ರವೇ ಇರಲಿ. ನಮ್ಮ ಬೇಸಿಗೆಯಲ್ಲಿ ಬಾನೆಟ್ ಒಳಗಿನ ಕಾವು ಗೊತ್ತಲ್ಲ.

ಅರ್ಥ್ ವೈರ್ ಕೂಡ ಅಷ್ಟೇ ದಪ್ಪ ಇರಬೇಕು, ಬಣ್ಣ ಕೆರೆದು ಕಾರಿನ ಲೋಹದ ಬಾಡಿಗೆ ಬಿಗಿಯಿರಿ. ಇನ್ನು ಫ್ಯೂಸ್, ಇದನ್ನು ಯಾರೂ ಬಿಡಬೇಡಿ. ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೇ ಹಾಕಿಸಿ. ಆಂಪ್ ಹತ್ತಿರ ಮಾತ್ರ ಹಾಕಿದರೆ, ನಡುವೆ ವೈರ್ ಸವೆದು ಬಾಡಿಗೆ ತಾಗಿದಾಗ ಬೆಂಕಿ ಹತ್ತಬಹುದು.