ನಾಲ್ಕು ಹಳೆಯ ಡಬ್ಬಗಳಿಗೆ ಒಂದೇ ಬಿಲ್ಡ್: ನನ್ನ ಅನುಭವ

ತುಮಕೂರಿನ ಎಸ್.ಎಸ್. ಪುರಂನಲ್ಲಿರುವ ನನ್ನ ಡಿಟಿಪಿ ಅಂಗಡಿಯಲ್ಲಿ ಹಳೆಯ ಮಾಸಪತ್ರಿಕೆಗಳ ಸಂಪುಟಗಳನ್ನು ಸ್ಕ್ಯಾನ್ ಮಾಡಿ, ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸುವ ಪ್ರೋಗ್ರಾಂ ಟೆಸೆರಾಕ್ಟ್‌ಗೆ ಓದಿಸಿ, ಪಠ್ಯವಾಗಿಸಿ ಕೊಡುವ ಕೆಲಸವನ್ನೂ ಮಾಡುತ್ತೇನೆ. ಹೊಸ ಸರ್ವರ್‌ಗೆ ಒಂದು ಲಕ್ಷದ ಅರವತ್ತು ಸಾವಿರ ಕೇಳಿದ್ದರಿಂದ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಲೆದು, ನಾಲ್ಕು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್‌ಗಳನ್ನು ಸುಮಾರು ಇಪ್ಪತ್ತೈದು ಸಾವಿರಕ್ಕೆ ತಂದೆ. ಉಬುಂಟು 22.04 ಲಿನಕ್ಸ್ ಹಾಕಿ, ಟೆಸೆರಾಕ್ಟ್, ಅದು ಚಿತ್ರ ಸಂಸ್ಕರಣೆಗೆ ಬಳಸುವ ಲೆಪ್ಟೋನಿಕಾ ಲೈಬ್ರರಿ ಮತ್ತು ಪುಟದ ಕಲೆ ತೆಗೆಯಲು ನಾನೇ ಸಿ ಭಾಷೆಯಲ್ಲಿ ಬರೆದುಕೊಂಡಿದ್ದ ಪ್ರೋಗ್ರಾಂ, ಈ ಮೂರನ್ನೂ ಸೋರ್ಸ್‌ನಿಂದಲೇ ಕಂಪೈಲ್ ಮಾಡಲು (ಮೂಲ ಕೋಡನ್ನು ಓಡುವ ಪ್ರೋಗ್ರಾಂ ಆಗಿಸಲು) ಕುಳಿತೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಭಾಮೈದ ಅದನ್ನು ನೋಡಿ, “ಅಲ್ಲ ಭಾವ, ಆಪ್ಟ್‌ನಲ್ಲಿ ರುಬ್ಬಿದ ಹಿಟ್ಟೇ ಸಿಗೋವಾಗ ನೀವ್ಯಾಕೆ ಒರಳು ಹಿಡ್ಕೊಂಡು ಕೂತಿದ್ದೀರಾ?” ಎಂದು ನಕ್ಕಿದ್ದ. ಸಿದ್ಧ ಪ್ರೋಗ್ರಾಂಗಳನ್ನು ತಂದು ಹಾಕುವ ಉಬುಂಟುವಿನ ಸಾಧನವೇ ಆಪ್ಟ್.

ಮೊದಲ ಒಂದು ತಿಂಗಳು ಅವನ ಮಾತೇ ನಿಜವಾಯಿತು. ಇದೇ ಯಂತ್ರದ ಪ್ರೊಸೆಸರ್‌ಗೆ ತಕ್ಕಂತೆ ಕೋಡ್ ಮಾಡು ಎನ್ನುವ ‘-ಮಾರ್ಚ್=ನೇಟಿವ್’ ಆಯ್ಕೆ ಕೊಟ್ಟು ಕಟ್ಟಿದರೂ ವೇಗದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. ತಪ್ಪುಗಳು ಒಂದರ ಮೇಲೊಂದು ಕುಳಿತಿದ್ದವು. ಟೆಸೆರಾಕ್ಟ್ ಸಿ++ನಲ್ಲಿರುವಾಗ ನಾನು ಆಯ್ಕೆಗಳನ್ನು ಸಿ ಭಾಷೆಗೆ ಮೀಸಲಾದ ‘ಸಿಫ್ಲ್ಯಾಗ್ಸ್’ನಲ್ಲಿ ಮಾತ್ರ ತುಂಬಿ, ಸಿ++ಗೆ ಬೇಕಾದ ‘ಸಿಎಕ್ಸ್‌ಎಕ್ಸ್‌ಫ್ಲ್ಯಾಗ್ಸ್’ ಅನ್ನು ಮುಟ್ಟಿರಲಿಲ್ಲ. ಅದನ್ನು ಸರಿಪಡಿಸಿದ ಮೇಲೂ ಫಲ ನೂರಕ್ಕೆ ಮೂರೋ ನಾಲ್ಕೋ ಅಷ್ಟೆ. ಏಕೆಂದರೆ ಟೆಸೆರಾಕ್ಟ್ ತನ್ನ ಭಾರದ ಗುಣಾಕಾರಗಳಿಗೆ ಎವಿಎಕ್ಸ್2 (ಹಲವು ಅಂಕಿಗಳನ್ನು ಒಟ್ಟಿಗೆ ಲೆಕ್ಕಿಸುವ ಪ್ರೊಸೆಸರ್ ಸೂಚನೆಗಳ) ಕೋಡನ್ನು ಮೊದಲೇ ಒಳಗಿಟ್ಟುಕೊಂಡು, ಓಡುವಾಗ ಪ್ರೊಸೆಸರ್ ನೋಡಿ ತಾನೇ ಆರಿಸಿಕೊಳ್ಳುತ್ತದೆ. ನನ್ನ ಪ್ರೋಗ್ರಾಂ ಮತ್ತು ಲೆಪ್ಟೋನಿಕಾದಲ್ಲಿ ಲಾಭವಾಗಬೇಕಿತ್ತು, ಆದರೆ ಅಲ್ಲಿ ವೇಗ ಹೆಚ್ಚಿಸುವ ಮಟ್ಟವನ್ನು ‘-ಓ2’ನಲ್ಲೇ ಬಿಟ್ಟಿದ್ದೆ. ಉಬುಂಟು 22.04ರ ಕಂಪೈಲರ್ ಆದ ಜಿಸಿಸಿ 11ರಲ್ಲಿ ಆ ಮಟ್ಟದಲ್ಲಿ ಲೂಪ್‌ಗಳು ವೆಕ್ಟರ್ ಆಗುವುದೇ (ಹಲವು ಅಂಕಿಗಳನ್ನು ಒಟ್ಟಿಗೆ ಲೆಕ್ಕಿಸುವ ರೂಪ ಪಡೆಯುವುದೇ) ಇಲ್ಲ. ಅದು ಶುರುವಾದದ್ದು ಜಿಸಿಸಿ 12ರಿಂದ. ‘-ಓ3’ ಹಾಕಿ, ಹಿಂದೆ ಕಂಪೈಲ್ ಆದ ಫೈಲ್‌ಗಳನ್ನು ಅಳಿಸುವ ‘ಮೇಕ್ ಕ್ಲೀನ್’ ಮರೆತು, ಏನೂ ಬದಲಾಗಲಿಲ್ಲವೆಂದು ಇನ್ನೊಂದು ಭಾನುವಾರ ಕಳೆದೆ. ಕೊನೆಗೆ ಒಂದು ಪುಟದ ಕಲೆ ತೆಗೆಯಲು ಹಿಡಿಯುತ್ತಿದ್ದ ಹದಿನಾರು ಸೆಕೆಂಡು ಆರಕ್ಕೆ ಇಳಿಯಿತು.

ಆ ಖುಷಿಯಲ್ಲಿ ಅದೇ ಫೈಲ್‌ಗಳನ್ನು ನಾಲ್ಕೂ ಕಂಪ್ಯೂಟರ್‌ಗಳಿಗೆ ನಕಲು ಮಾಡಿ ರಾತ್ರಿಯ ಕೆಲಸಕ್ಕೆ ಹಚ್ಚಿ ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಎರಡು ಪರದೆಗಳ ತುಂಬ, ಪ್ರೊಸೆಸರ್‌ಗೆ ಗೊತ್ತಿಲ್ಲದ ಸೂಚನೆ ಬಂತೆನ್ನುವ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’. ತಪ್ಪು ಹುಡುಕುವ ಸಾಧನ ಜಿಡಿಬಿಯಲ್ಲಿ ಪ್ರೋಗ್ರಾಂ ಸತ್ತ ಜಾಗವನ್ನು ತೆರೆದಾಗ ‘ವಿ’ಯಿಂದ ಶುರುವಾಗುವ ಎವಿಎಕ್ಸ್ ಸೂಚನೆಯೊಂದು ಅಲ್ಲಿ ಕುಳಿತಿತ್ತು. ಮಾರಿದವನು ನಾಲ್ಕೂ ‘ಫೋರ್ತ್ ಜನರೇಷನ್’ ಎಂದಿದ್ದ. ನಿಂತುಹೋದ ಎರಡರಲ್ಲಿ ಒಂದು ಮೂರನೇ ತಲೆಮಾರಿನ ಐ5. ಅದರಲ್ಲಿ ಎವಿಎಕ್ಸ್ ಇದೆ, ಎವಿಎಕ್ಸ್2 ಇಲ್ಲ. ಇನ್ನೊಂದು ಪೆಂಟಿಯಂ ಜಿ3220. 2013ರ ಹ್ಯಾಸ್ವೆಲ್ ಕುಟುಂಬದ್ದೇ ಆದ್ದರಿಂದ ಅವನು ಹೇಳಿದ್ದು ಸುಳ್ಳಲ್ಲ, ಆದರೆ ಅಂದಿನ ಪೆಂಟಿಯಂಗಳಲ್ಲಿ ಇಂಟೆಲ್ ಎವಿಎಕ್ಸ್ ಅನ್ನೇ ಕೊಟ್ಟಿರಲಿಲ್ಲ. ಅಂದಿನಿಂದ ನಾನು ತಲೆಮಾರು ಕೇಳುವುದನ್ನು ಬಿಟ್ಟು ಪ್ರೊಸೆಸರ್‌ನ ಸಾಮರ್ಥ್ಯಗಳನ್ನು ಪಟ್ಟಿ ಮಾಡುವ ‘/ಪ್ರೊಕ್/ಸಿಪಿಯುಇನ್ಫೋ’ದ ಫ್ಲ್ಯಾಗ್ಸ್ ಸಾಲನ್ನು ಓದುತ್ತೇನೆ.

ಪ್ರತಿ ಯಂತ್ರಕ್ಕೂ ಬೇರೆ ಬಿಲ್ಡ್ ಇಟ್ಟುಕೊಳ್ಳುವುದು ನನ್ನ ಕೈಲಾಗದ ಮಾತು. ಕೈಹಿಡಿದದ್ದು ಲಿನಕ್ಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿ 2.33ರಿಂದ ಬಂದ ‘ಜಿಲಿಬ್‌ಸಿ-ಹೆಚ್‌ಡಬ್ಲ್ಯುಕ್ಯಾಪ್ಸ್’ ಫೋಲ್ಡರ್. ಲೈಬ್ರರಿಗಳನ್ನು ಮೂರು ಸಲ ಕಟ್ಟಿದೆ: ಸಾದಾ, ‘ಎಕ್ಸ್86-64-ವಿ2’ ಮತ್ತು ‘ವಿ3’ (ಪ್ರೊಸೆಸರ್ ಸಾಮರ್ಥ್ಯದ ಮಟ್ಟಗಳಿವು; ವಿ3ಗೆ ಎವಿಎಕ್ಸ್2 ಬೇಕು). ಸಾದಾ ಪ್ರತಿ ‘/ಯುಎಸ್‌ಆರ್/ಲೋಕಲ್/ಲಿಬ್’ನಲ್ಲಿ, ಉಳಿದೆರಡು ಅದರೊಳಗಿನ ಈ ಫೋಲ್ಡರಿನಡಿ ತಮ್ಮ ತಮ್ಮ ಹೆಸರಿನ ಉಪಫೋಲ್ಡರ್‌ಗಳಲ್ಲಿ. ‘ಎಲ್‌ಡಿಕಾನ್ಫಿಗ್’ ಓಡಿಸಿ ಲೈಬ್ರರಿಗಳ ಪಟ್ಟಿ ಹೊಸದಾಗಿಸಿದರೆ ಮುಗಿಯಿತು, ಪ್ರೋಗ್ರಾಂ ಶುರುವಾಗುವಾಗ ಲೈಬ್ರರಿಗಳನ್ನು ತರುವ ಲೋಡರ್ ತಾನೇ ತಕ್ಕದ್ದನ್ನು ಎತ್ತಿಕೊಳ್ಳುತ್ತದೆ. ಈ ಸೌಲಭ್ಯ ಲೈಬ್ರರಿಗಳಿಗೆ ಮಾತ್ರ ಇರುವುದರಿಂದ ನನ್ನ ಪ್ರೋಗ್ರಾಮಿನ ಹೊಟ್ಟೆಯನ್ನು ಲೈಬ್ರರಿಯಾಗಿ ಬೇರ್ಪಡಿಸಿ, ಓಡುವ ಫೈಲನ್ನು ಸಾದಾ ಉಳಿಸಿದೆ. ಮೂರನೇ ತಲೆಮಾರಿನ ಐ5ಗೆ ವಿ2 ದಕ್ಕುತ್ತದೆ, ಅದರ ಎವಿಎಕ್ಸ್ ವ್ಯರ್ಥ. ಆದರೆ ಎವಿಎಕ್ಸ್‌ನ ಮೊದಲ ಆವೃತ್ತಿ ಅಗಲವಾಗಿಸಿದ್ದು ದಶಮಾಂಶದ ಲೆಕ್ಕಗಳನ್ನು, ನನ್ನ ಪಿಕ್ಸೆಲ್‌ಗಳು ಪೂರ್ಣಾಂಕಗಳು, ಹಾಗಾಗಿ ಹೆಚ್ಚು ಕೊರಗಲಿಲ್ಲ.

ನಡುವೆ ಕಂಪೈಲ್ ಕೆಲಸವನ್ನು ಹಲವು ಯಂತ್ರಗಳಿಗೆ ಹಂಚುವ ಡಿಸ್ಟ್‌ಸಿಸಿಯನ್ನೂ ಹಚ್ಚಿ ನೋಡಿದೆ. ‘ನೇಟಿವ್’ ಎಂಬ ಪದ ಕಂಡರೆ ಅದು ಕೆಲಸವನ್ನು ಹೊರಗೆ ಕಳಿಸುವುದೇ ಇಲ್ಲವೆಂದು ತಿಳಿಯುವ ಹೊತ್ತಿಗೆ ಒಂದು ಯಂತ್ರ ಬೆವರುತ್ತಿತ್ತು, ಮೂರು ಗೊರಕೆ ಹೊಡೆಯುತ್ತಿದ್ದವು. ‘ವಿ3’ ಎಂದು ಬಿಡಿಸಿ ಬರೆದ ಮೇಲೆ ಹಂಚಿಕೆಯಾಯಿತು.

ಇನ್ನೊಂದು ತೊಡಕು ಗಿರಾಕಿಯ ಕಣ್ಣಿಗೆ ಬಿತ್ತು: ಒಂದೇ ಪುಟವನ್ನು ಎರಡು ಯಂತ್ರಗಳಲ್ಲಿ ಓದಿಸಿದಾಗ ಒಂದರಲ್ಲಿ ‘ಅಕ್ಕ’, ಇನ್ನೊಂದರಲ್ಲಿ ‘ಅಕ’. ವಿ3ರಲ್ಲಿ ಎಫ್‌ಎಂಎ ಬಂದು, ಗುಣಿಸಿ ಕೂಡುವುದನ್ನು ಜಿಸಿಸಿ ಒಂದೇ ಹೆಜ್ಜೆಗೆ ಇಳಿಸಿದ್ದರಿಂದ, ಕಪ್ಪು–ಬಿಳುಪು ನಿರ್ಧರಿಸುವ ಸರಾಸರಿಯ ಕೊನೆಯ ಅಂಕಿ ಬದಲಾಗಿ, ಮಸುಕಾಗಿದ್ದ ಒತ್ತಕ್ಷರ ಕಲೆಯ ಲೆಕ್ಕಕ್ಕೆ ಹೋಗಿತ್ತು. ‘-ಎಫ್‌ಎಫ್‌ಪಿ-ಕಾಂಟ್ರ್ಯಾಕ್ಟ್=ಆಫ್’ ಹಾಕಿ ಹಾಗೆ ಒಂದಾಗಿಸುವುದನ್ನು ತಡೆದೆ; ವೇಗ ಕಳೆದುಕೊಂಡದ್ದು ಗೊತ್ತೇ ಆಗಲಿಲ್ಲ. ಒತ್ತಕ್ಷರ ಉಳಿಸಲು ಸರಾಸರಿಯ ಕಿಟಕಿಯನ್ನು (ಸರಾಸರಿಗೆ ತೆಗೆದುಕೊಳ್ಳುವ ಪಿಕ್ಸೆಲ್‌ಗಳ ಚೌಕವನ್ನು) ಎಷ್ಟಕ್ಕೆ ಇಟ್ಟಿದ್ದೇನೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಅದು ನನ್ನ ಅನ್ನ.

ನಲವತ್ತು ಸಾವಿರ ಪುಟಗಳ ಕೆಲಸ ನಾಲ್ಕು ದಿನದಿಂದ ಮೂರು ದಿನಕ್ಕೆ ಬಂದಿದೆ. ಭಾಮೈದ ಈಗ ಕಟ್ಟುವ ಹೆಜ್ಜೆಗಳನ್ನು ಬರೆದಿಟ್ಟ ನನ್ನ ಮೇಕ್‌ಫೈಲ್ ಕೇಳಿ ಒಯ್ದಿದ್ದಾನೆ. ಹಳೆಯ ಕಂಪ್ಯೂಟರ್ ಕೊಳ್ಳಲು ಹೋದಾಗ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಲೋಡರ್‌ಗೆ ‘--ಹೆಲ್ಪ್’ ಕೊಟ್ಟು, ವಿ3ರ ಮುಂದೆ ‘ಸಪೋರ್ಟೆಡ್’ ಎಂದು ಕಂಡ ಮೇಲಷ್ಟೇ ಬೆಲೆ ಮಾತನಾಡುತ್ತೇನೆ. ಕಳೆದ ತಿಂಗಳು ಹಾಗೆ ತಂದ ಐದನೆಯದಕ್ಕೆ ಆರು ಸಾವಿರದ ಇನ್ನೂರು ಕೊಟ್ಟೆ.