ಹಳೇ ರೆಕಾರ್ಡಿಗೆ ನಾನು ಬೆಲೆ ಕಟ್ಟುವ ರೀತಿ

ಹಳೆಯದು ಅನ್ನುವ ಒಂದೇ ಕಾರಣಕ್ಕೆ ರೆಕಾರ್ಡಿಗೆ ಬೆಲೆ ಬರುವುದಿಲ್ಲ. ಹಿಂದಿ ಸಿನಿಮಾ ಹಾಡುಗಳ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ತಟ್ಟೆಗಳು ಗುಜರಿಯಲ್ಲಿ ರಾಶಿ ರಾಶಿ ಸಿಗುತ್ತವೆ. ಒಂದೇ ಬದಿಗೆ ಹಾಡಿನ ಗೆರೆಗಳಿರುವ, ಜರ್ಮನಿಯ ಹ್ಯಾನೋವರ್‌ನಲ್ಲಿ ಒತ್ತಿದ ಗ್ರಾಮಫೋನ್ ಕಂಪನಿಯ ಅಪರೂಪದ ಮೊದಮೊದಲ ತಟ್ಟೆ ಕಂಡರೆ ಮಾತ್ರ ಅಲ್ಲೇ ನಿಲ್ಲುತ್ತೇನೆ.

ಚಿಕ್ಕಪೇಟೆಯ ಸಂಡೇ ಬಜಾರಿಗೆ ಹೋಗುವುದಾದರೆ ಬೆಳಗ್ಗೆ ಬೇಗ ಹೋಗಬೇಕು. ಬೋಣಿ ಹೊತ್ತಿನಲ್ಲಿ ಮಾತು ಬೇಗ ಕುದುರುತ್ತದೆ. ಜೇಬಿನಲ್ಲಿ ಸಣ್ಣ ಟಾರ್ಚ್ ಇರಲಿ. ತಟ್ಟೆಯನ್ನು ಅಂಚಿನಲ್ಲಿ ಹಿಡಿದು ಬೆಳಕನ್ನು ಓರೆಯಾಗಿ ಬಿಡಿ. ಉಗುರಿಗೆ ತಾಗದ ಕೂದಲೆಳೆ ಗೀರಿಗೆ ಹೆದರಬೇಕಿಲ್ಲ. ಹಾಡಿನ ದನಿ ಜೋರಾಗುವ ಜಾಗದಲ್ಲಿ ಗೆರೆಗಳು ಬೂದಿ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಕೆಳಗಿಟ್ಟುಬಿಡಿ: ಸವೆದ ಮುಳ್ಳು ಗೆರೆಯ ಗೋಡೆಯನ್ನೇ ಕೆರೆದಿದೆ, ಎಷ್ಟು ತೊಳೆದರೂ ಆ ಕರಕರ ಹೋಗುವುದಿಲ್ಲ. ನಡುವಿನ ತೂತಿನ ಸುತ್ತ ಲೇಬಲ್ ಮೇಲೆ ಸಣ್ಣ ಗೀಟುಗಳು ತುಂಬಿದ್ದರೆ ತುಂಬಾ ನುಡಿಸಿದ್ದಾರೆ ಎಂದು ತಿಳಿಯಿರಿ. 78ರ ತಟ್ಟೆಯನ್ನು ತೂತಿನಲ್ಲಿ ಬೆರಳಿಟ್ಟು ತೂಗಿಸಿ ಅಂಚಿಗೆ ಮೆಲ್ಲಗೆ ತಟ್ಟಿ. ಗಂಟೆಯ ಹಾಗೆ ನುಡಿದರೆ ಸರಿ. ಒಡಕು ದನಿ ಬಂದರೆ ಕಣ್ಣಿಗೆ ಕಾಣದ ಬಿರುಕು ಇರುತ್ತದೆ.

ಎಲ್‌ಪಿ (ಹೆಚ್ಚು ಹಾಡು ಹಿಡಿಯುವ ವಿನೈಲ್ ತಟ್ಟೆ) ಆದರೆ ಕವರ್, ಲೇಬಲ್, ಹಾಡು ಮುಗಿದ ಮೇಲೆ ಲೇಬಲ್ ಸುತ್ತ ಉಳಿಯುವ ಖಾಲಿ ಪಟ್ಟಿ, ಮೂರೂ ಕಡೆಯ ನಂಬರ್ ನೋಡುತ್ತೇನೆ. ಒಳ್ಳೆಯ ಕವರಿನಲ್ಲಿ ಬೇರೆ ತಟ್ಟೆ ಇರುವುದು ಮಾಮೂಲಿ.

ಬೆಲೆಗೆ ರೆಕಾರ್ಡ್ ಕೊಳ್ಳುವ-ಮಾರುವ ಜಾಲತಾಣ ಡಿಸ್ಕಾಗ್ಸ್ ನೋಡಿ. ಆದರೆ ಮಾರುವವರು ಕೇಳಿದ ಬೆಲೆಯನ್ನಲ್ಲ, ಅದೇ ನಂಬರಿನ ತಟ್ಟೆ ಮಾರಾಟವಾದ ಬೆಲೆಯನ್ನು. ಅಲ್ಲಿನ ಸರಾಸರಿಯಲ್ಲಿ ಒಳ್ಳೆಯದೂ ಕೆಟ್ಟದ್ದೂ ಬೆರೆತಿರುತ್ತದೆ, ಹಾಗಾಗಿ ನಿಯರ್ ಮಿಂಟ್ (ಹೆಚ್ಚುಕಡಿಮೆ ಹೊಸದರಂತಿರುವ ದರ್ಜೆ) ಎಂದು ಹೋದದ್ದನ್ನಷ್ಟೇ ಆಧಾರವಾಗಿ ಹಿಡಿಯುತ್ತೇನೆ. ಅದು 1200 ರೂಪಾಯಿ ಎಂದಿಟ್ಟುಕೊಳ್ಳಿ. ಅದಕ್ಕಿಂತ ಕೆಳಗಿನ ದರ್ಜೆ ವಿಜಿ ಪ್ಲಸ್ (ವೆರಿ ಗುಡ್ ಪ್ಲಸ್) ಆದರೆ ಅರ್ಧ, 600. ಇನ್ನೂ ಕೆಳಗಿನ ಬರೀ ವಿಜಿ ಆದರೆ ಕಾಲುಭಾಗ, 300. ಅದರಲ್ಲಿ ಹೊಸ ಒಳಕವರ್ ಮತ್ತು ತೊಳೆಯುವ ಖರ್ಚು 50 ಕಳೆದರೆ ಮನೆಗೆ ಇಟ್ಟುಕೊಳ್ಳಲು 250ರವರೆಗೆ ಕೊಡಬಹುದು. ಮಾರಲು ಕೊಳ್ಳುವುದಾದರೆ 125 ದಾಟಬಾರದು.

ಚೌಕಾಸಿ ಮಾಡುವಾಗ ಬೇಕಾದ ಒಂದನ್ನೇ ಎತ್ತಿ ಹಿಡಿದರೆ ಅದರ ಬೆಲೆ ಅಲ್ಲೇ ಏರುತ್ತದೆ. ಆರೇಳು ಆರಿಸಿ, ಅದನ್ನು ನಡುವೆ ಸೇರಿಸಿ, ಒಟ್ಟಿಗೆ ಎಷ್ಟು ಎಂದು ಕೇಳಿ.

ತಂದ ಮೇಲೆ ವಿನೈಲ್‌ಗೆ ಬಳಸುವ ಸ್ಪಿರಿಟ್ ದ್ರಾವಣವನ್ನು 78ಕ್ಕೆ ದಯವಿಟ್ಟು ಮುಟ್ಟಿಸಬೇಡಿ. ಅದು ಅರಗಿನ ತಟ್ಟೆ, ಸ್ಪಿರಿಟ್‌ನಲ್ಲಿ ಅರಗು ಕರಗುತ್ತದೆ. ಡಿಸ್ಟಿಲ್ಡ್ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಲೇಬಲ್ ನೆನೆಯದಂತೆ ಒರೆಸಿ, ಬರೀ ಡಿಸ್ಟಿಲ್ಡ್ ನೀರಿನಲ್ಲಿ ಮತ್ತೊಮ್ಮೆ ಒರೆಸಿ ತಕ್ಷಣ ಒಣಗಿಸಿ.